ಚೌಕಗಳನ್ನು ಚದುರಿಸುವ ಮೂರು ದಾರಿ: ಯಾವುದು ಚೆನ್ನ?

ಕೋಡ್ ಬರೆದು ಚಿತ್ರ ಮಾಡುವವರು ಒಂದಲ್ಲ ಒಂದು ದಿನ ಗೇಯೋರ್ಗ್ ನೇಸ್ ಅವರ 'ಶಾಟರ್' ಮುಂದೆ ನಿಂತೇ ನಿಲ್ಲುತ್ತಾರೆ. 1968ರ ಸುಮಾರಿಗೆ ಜರ್ಮನಿಯಲ್ಲಿ ಕಂಪ್ಯೂಟರಿನಿಂದ ಬರೆಸಿದ ಚಿತ್ರ ಅದು. ಅಡ್ಡಕ್ಕೆ 12, ಉದ್ದಕ್ಕೆ 22 ಚೌಕ. ಮೇಲಿನ ಸಾಲು ನೆಟ್ಟಗೆ, ಕೆಳಗಿಳಿದಂತೆ ಚೆಲ್ಲಾಪಿಲ್ಲಿ. ಅದೇ 264 ಮನೆಗಳ ಮೇಲೆ, ಕೋಡಿನಿಂದ ಚಿತ್ರ ಬರೆಯಲು ಬಳಸುವ ಪಿ5.ಜೆಎಸ್‌ನಲ್ಲಿ ಮೂರು ದಾರಿ ಹಿಡಿದು ನೋಡಿದೆ. ಹುಬ್ಬಳ್ಳಿಯಲ್ಲಿ ಪ್ರಿಂಟ್ ಹಾಕಿಸಿ, ಧಾರವಾಡದ ಮನೆಯ ಗೋಡೆಗೆ ಅಕ್ಕಪಕ್ಕ ಅಂಟಿಸಿದ್ದೇನೆ.

ಮೊದಲನೆಯದು ನೇಸ್ ಅವರದ್ದೇ ದಾರಿ, ರ‍್ಯಾಂಡಮ್. ಪ್ರತಿ ಚೌಕಕ್ಕೂ ಮನಬಂದಂತೆ ಸಂಖ್ಯೆಗಳನ್ನು ಎತ್ತಿ, ಸಾಲಿನ ನಂಬರಿನಿಂದ ಗುಣಿಸಿ, ಅಷ್ಟು ಓರೆ ಮಾಡಿ ಜಾಗದಿಂದಲೂ ಸರಿಸುವುದು. ಇದರ ಜೀವ ನಡುಭಾಗದಲ್ಲಿದೆ. ಕಣ್ಣು ಇನ್ನೂ ಸಾಲು ಹಿಡಿದಿರುತ್ತದೆ, ಅಷ್ಟರಲ್ಲಿ ಸಾಲು ತಪ್ಪುತ್ತದೆ. ಗುಣಿಸುವುದನ್ನು ಬಿಟ್ಟು ಎಲ್ಲ ಸಾಲಿಗೂ ಒಂದೇ ಅಳತೆ ಕೊಟ್ಟರೆ ಕಣ್ಣು ಎಲ್ಲೂ ನಿಲ್ಲುವುದಿಲ್ಲ.

ಎರಡನೆಯದು ನಾಯ್ಸ್, ಅಂದರೆ ಮೆಲ್ಲಗೆ ಏರಿಳಿಯುವ ಸಂಖ್ಯೆಗಳು. ಅಕ್ಕಪಕ್ಕದ ಚೌಕಗಳಿಗೆ ಹತ್ತಿರದ ಸಂಖ್ಯೆಗಳೇ ಸಿಗುತ್ತವೆ, ಹಾಗಾಗಿ ಗಾಳಿಗೆ ಜೋಳದ ಹೊಲ ವಾಲಿದ ಹಾಗೆ ಎಲ್ಲವೂ ಒಟ್ಟಿಗೆ ವಾಲುತ್ತವೆ. ಚಂದವೇನೋ ಹೌದು. ಆದರೆ ಬೇಗ ಸಾಕಾಗುತ್ತದೆ, ಅಚ್ಚರಿ ಕಡಿಮೆ.

ಮೂರನೆಯದು ಟ್ರುಶೆ ಹೆಂಚು. ಸೆಬಾಸ್ಟಿಯನ್ ಟ್ರುಶೆ 1704ರಲ್ಲಿ ಕರ್ಣಕ್ಕೆ ಸರಿಯಾಗಿ ಎರಡು ಬಣ್ಣ ಮಾಡಿದ ಚೌಕಗಳ ಬಗ್ಗೆ ಬರೆದರು. ನಾನು ಬಳಸಿದ್ದು 1987ರಲ್ಲಿ ಸಿರಿಲ್ ಸ್ಟ್ಯಾನ್ಲಿ ಸ್ಮಿತ್ ತೋರಿಸಿದ ಬಗೆ: ಚೌಕದ ಎದುರುಬದುರು ಮೂಲೆಗಳಲ್ಲಿ ಎರಡು ಕಾಲುವೃತ್ತ. ಹೆಂಚನ್ನು ಎರಡೇ ರೀತಿ ಇಡಬಹುದು. ಯಾವ ರೀತಿ ಬಿದ್ದರೂ ಗೆರೆ ಅಂಚಿನ ನಟ್ಟನಡುವೆಯೇ ದಾಟುತ್ತದೆ, ಹಾಗಾಗಿ ಪಕ್ಕದ ಹೆಂಚಿನ ಗೆರೆಗೆ ಕೂಡಲೇಬೇಕು. ಅಕ್ಕ ಕಸೂತಿ ಹಾಕುವವಳು. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳದೆ ಎಳೆ ಎಣಿಸಿಯೇ ಗವಂತಿ, ಮುರಗಿ ಹೊಲಿಗೆ ಹಾಕುತ್ತಾಳೆ. ಉಳಿದೆರಡನ್ನು ದಾಟಿ ಬಂದು ಇದರ ಗೆರೆಯ ಮೇಲೆ ಬೆರಳಾಡಿಸಿದಳು. "ಗೆರಿ ಎಲ್ಲೂ ಹರದಿಲ್ಲ ನೋಡು" ಅಂದಳು.

ನನ್ನ ಆಯ್ಕೆಯೂ ಇದೇ. ಅಡ್ಡಾದಿಡ್ಡಿತನಕ್ಕೆ ಎಷ್ಟು ಜಾಗ ಕೊಟ್ಟೆವು ಅನ್ನುವುದಕ್ಕಿಂತ ಎಲ್ಲಿ ಕೊಟ್ಟೆವು ಅನ್ನುವುದೇ ಜಾಸ್ತಿ ಮುಖ್ಯ, ಅಲ್ವಾ? ಇಲ್ಲಿ ಅದು ಇರುವುದು ಹೆಂಚು ತಿರುಗಿಸುವಾಗ ಮಾತ್ರ. ಈಗ ಇದಕ್ಕೆ ನೇಸ್ ಅವರ ಇಳಿಜಾರನ್ನೂ ಸೇರಿಸಿದ್ದೇನೆ. ಮೇಲಿನ ಸಾಲಿನಲ್ಲಿ ಎಲ್ಲ ಹೆಂಚೂ ಒಂದೇ ಕಡೆಗೆ, ಕೆಳಗೆ ಬಂದಂತೆ ಅರ್ಧಕ್ಕರ್ಧ. ಮೇಲೆ ಓರೆ ಅಲೆಗಳು ಬರುತ್ತವೆ, ಕೆಳಗೆ ಅವೇ ಸುತ್ತಿಕೊಂಡು ಅಲ್ಲಲ್ಲಿ ಪೂರ್ತಿ ವೃತ್ತವಾಗುತ್ತವೆ.