ಹೂವಿನ ಪಾತಿಗೆ ಹಳೆ ಮಂಗಳೂರು ಹಂಚಿನ ಅಂಚು: ಹಲವು ಮಳೆಗಾಲ ಕಳೆದ ಮೇಲೆ

ಮಳೆ ಜಾಸ್ತಿ ಇರುವ ಇಳಿಜಾರು ಜಾಗದಲ್ಲಿ ಪಾತಿಗೆ ಅಂಚು ಕಟ್ಟಬೇಕು ಅಂತಿದ್ದರೆ ಹಳೆ ಮಂಗಳೂರು ಹಂಚನ್ನೇ ತಗೊಳ್ಳಿ. ನಮ್ಮ ಮನೆ ಕೊಡಗಿನ ಮಾದಾಪುರದ ಕಡೆ. ಅಂಗಳ ಪೂರ್ತಿ ಇಳಿಜಾರು. ಜುಲೈ-ಆಗಸ್ಟಿನ ಕಕ್ಕಡ ತಿಂಗಳ ಮಳೆಗೆ ಪಾತಿಯ ಮಣ್ಣು, ಹಾಕಿದ ಗೊಬ್ಬರ ಎಲ್ಲ ಕೊಚ್ಚಿಕೊಂಡು ಚರಂಡಿ ಸೇರುತ್ತಿತ್ತು. ಹಂಚು ನೆಟ್ಟ ಮೇಲೆ ಮಣ್ಣು ಇದ್ದಲ್ಲೇ ಇದೆ.

ಕೊಡಗಿನಲ್ಲಿ ಈಗ ಹಳೆ ಮನೆಗಳ ಹಂಚು ಇಳಿಸಿ ಶೀಟ್ ಹಾಕಿಸುವವರು ಬಹಳ. ಇಳಿಸಿದ ಹಂಚು ಹಳೆ ಸಾಮಾನಿನ ಅಂಗಡಿಗೆ ಬರುತ್ತದೆ. ನಾನು ಕುಶಾಲನಗರದ ಕಡೆಯಿಂದ ತಂದೆ. ಅಂಗಡಿಯವರು ಒಂದು ಹಂಚನ್ನು ಕೈಯಲ್ಲಿ ಎತ್ತಿ ಹಿಡಿದು, ಬೆರಳ ಗೆಣ್ಣಿನಿಂದ ಬಡಿದು ತೋರಿಸಿದರು. "ಟಣ್ ಅಂದ್ರೆ ಗಟ್ಟಿ ಅಕ್ಕ, ಡಬ್ ಅಂದ್ರೆ ಒಳಗೆ ಬಿರುಕು. ಒಂದೊಂದನ್ನೂ ಬಡಿದು ನೋಡಿಯೇ ತಗೊಳ್ಳಿ." ಹಾಗೇ ಆರಿಸಿದೆ. ಆರಿಸಿ ತಂದದ್ದರಲ್ಲಿ ತಾನಾಗಿ ಒಡೆದದ್ದು ಒಂದೂ ಇಲ್ಲ.

ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯವರು 1860ರ ದಶಕದಲ್ಲಿ ಮಂಗಳೂರಿನಲ್ಲಿ ಶುರು ಮಾಡಿದ ಹಂಚು ಇದು. ನೇತ್ರಾವತಿ, ಗುರುಪುರ ನದಿಗಳ ಜೇಡಿಮಣ್ಣನ್ನು ಸುಟ್ಟು ಮಾಡುತ್ತಿದ್ದರು. ಎಷ್ಟೋ ವರ್ಷ ಮಾಡಿನ ಮೇಲೆ ಮಳೆ ತಡೆದ ವಸ್ತುವಿಗೆ ಪಾತಿಯ ಕೆಲಸ ದೊಡ್ಡದೇನಲ್ಲ. ಬೆನ್ನಿನಲ್ಲಿ ಕಾರ್ಖಾನೆಯ ಹೆಸರು, ಗುರುತು ಉಬ್ಬಿಕೊಂಡಿರುತ್ತದೆ. ಆ ಕಡೆಯನ್ನೇ ಹೊರಗೆ ಬರುವ ಹಾಗೆ ನೆಟ್ಟಿದ್ದೇನೆ. ಮನೆಗೆ ಬಂದವರೆಲ್ಲ ಬಗ್ಗಿ ಓದುತ್ತಾರೆ, ನನಗೆ ಅದನ್ನು ನೋಡುವುದೇ ಖುಷಿ.

ನೆಡುವ ವಿಧಾನದ ಮೇಲೆ ಎಲ್ಲ ನಿಂತಿದೆ. ಹಂಚು ಸುಮಾರು 16 ಇಂಚು ಉದ್ದ, ಅರ್ಧದಷ್ಟು ಮಣ್ಣಿನೊಳಗೆ ಹೋಗಬೇಕು. ಹಾರೆಯಿಂದ 8 ಇಂಚು ಆಳದ ಕಿರುಗಾಲುವೆ ತೋಡಿ, ಪಾತಿಯ ಕಡೆಗೆ ಒಂಚೂರು ವಾಲುವಂತೆ ನಿಲ್ಲಿಸಿ. ನೆಟ್ಟಗೆ ನಿಲ್ಲಿಸಿದರೆ ಒದ್ದೆ ಮಣ್ಣಿನ ಭಾರ ಹೊರಗೆ ತಳ್ಳುತ್ತದೆ. ಮಾಡಿನ ಮೇಲೆ ಒಂದರ ಅಂಚು ಇನ್ನೊಂದಕ್ಕೆ ಕೂರುತ್ತದಲ್ವಾ, ಇಲ್ಲೂ ಹಾಗೇ ಕೂರಿಸಬಹುದು. ಆಗ 10 ಅಡಿಗೆ ಸುಮಾರು 14 ಹಂಚು ಸಾಕು. ತಗ್ಗಿನ ಕಡೆ ಮಾತ್ರ ಮೂರ್ನಾಲ್ಕು ಹಂಚಿಗೊಂದು ಬೆರಳಗಲ ಸಂದು ಬಿಟ್ಟು, ಒಳಗಡೆ ಜಲ್ಲಿ ತುಂಬಿ. ನೀರು ಸೋರಿ ಹೋಗುತ್ತದೆ, ಮಣ್ಣು ನಿಲ್ಲುತ್ತದೆ.

ಸಿಮೆಂಟ್ ಹಾಕಬೇಡಿ ಅಂತ ನಾನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಗೇಟಿನ ಹತ್ತಿರ ಮೊದಲಿನಿಂದಲೂ ಒಂದು ಸಿಮೆಂಟ್ ಕಟ್ಟೆ ಇದೆ. ಅದಕ್ಕೆ ತಾಗಿಕೊಂಡಿರುವ ಹೈಡ್ರೇಂಜಿಯಾ ಗುಲಾಬಿ ಬಣ್ಣದ ಹೂ ಬಿಡುತ್ತದೆ. ಅದೇ ಗಿಡದ ಕಡ್ಡಿ ಹಂಚಿನ ಪಾತಿಯಲ್ಲಿ ನೆಟ್ಟರೆ ಒಳ್ಳೆ ನೀಲಿ. ನಮ್ಮ ಹುಳಿ ಮಣ್ಣಿನಲ್ಲಿ ಗಿಡಕ್ಕೆ ಅಲ್ಯೂಮಿನಿಯಂ ಸಿಗುತ್ತದೆ, ಅದರಿಂದ ನೀಲಿ. ಸಿಮೆಂಟಿನ ಸುಣ್ಣ ಮಣ್ಣಿಗೆ ಇಳಿದರೆ ಅದು ಸಿಗುವುದಿಲ್ಲ. ಕೊಡಗಿನ ಅಂಗಳಕ್ಕೆ ಆ ನೀಲಿ ಹೂವೇ ಅಂದ, ಅದನ್ನು ಕಳೆದುಕೊಳ್ಳಬಾರದು.

ಬೇರೆ ವಸ್ತುಗಳ ಅಂಚೂ ನಮ್ಮಲ್ಲಿದೆ. ಸಿಲ್ವರ್ ಓಕ್ ಮರದ ತುಂಡುಗಳು ಮೊದಲ ವರ್ಷ ಚೆನ್ನಾಗಿ ಕಾಣುತ್ತವೆ, ಆಮೇಲೆ ಗೆದ್ದಲು ಹಿಡಿದು ಪುಡಿಯಾಗುತ್ತವೆ. ಗಾಜಿನ ಬಾಟಲಿಯನ್ನು ಬುಡ ಮೇಲೆ ಮಾಡಿ ಹೂತರೆ ಬಿಸಿಲಿಗೆ ಹೊಳೆಯುತ್ತದೆ, ಆದರೆ ಮಕ್ಕಳು ಓಡಾಡುವ ಕಡೆ ಒಂದು ಒಡೆದರೂ ಕಷ್ಟ. ಹಳೆ ಟೈರಿನಲ್ಲಿ ನೀರು ನಿಂತು ಸೊಳ್ಳೆ. ಹಳೆ ಕಲ್ನಾರು ಶೀಟಿನ ತುಂಡು ಪುಕ್ಕಟೆ ಸಿಕ್ಕರೂ ಬೇಡವೇ ಬೇಡ. ಅದರ ಧೂಳು ಶ್ವಾಸಕೋಶಕ್ಕೆ ಅಪಾಯ.

ಹಂಚಿಗೂ ತೊಂದರೆ ಇಲ್ಲ ಅಂತಲ್ಲ. ಮಳೆಗಾಲದಲ್ಲಿ ಒಳಮಗ್ಗುಲಿನ ಸಂದಿಯಲ್ಲಿ ಬಸವನಹುಳು ಸೇರಿಕೊಳ್ಳುತ್ತವೆ. ರಾತ್ರಿ ಟಾರ್ಚ್ ಹಿಡಿದು ಹೆಕ್ಕಿ ಉಪ್ಪುನೀರಿಗೆ ಹಾಕುತ್ತೇವೆ. ಆ ಉಪ್ಪುನೀರನ್ನು ಪಾತಿಗೆ ಮಾತ್ರ ಚೆಲ್ಲಬೇಡಿ. ಪಾಚಿಯೂ ಹಿಡಿಯುತ್ತದೆ. ನನಗೆ ಆ ಹಸಿರು ಇಷ್ಟ, ಬೇಡ ಅನ್ನುವವರು ಸೆಪ್ಟೆಂಬರ್ ಶುರುವಿನ ಕೈಲ್ ಮುಹೂರ್ತ ಹಬ್ಬ ಕಳೆದು ಮಳೆ ಕಡಿಮೆಯಾದಾಗ ತೆಂಗಿನ ನಾರಿನಿಂದ ಉಜ್ಜಿದರೆ ಸಾಕು. ನಿಜವಾದ ಶತ್ರು ಕಳೆ ಹೊಡೆಯುವ ಮೆಷಿನ್. ಬ್ಲೇಡ್ ತಾಗಿದ ಕಡೆಯೆಲ್ಲ ಹಂಚಿನ ಮೂಲೆ ಹಾರಿದೆ. ಈಗ ಪಾತಿಯ ಪಕ್ಕ ಒಂದು ಗೇಣು ಜಾಗವನ್ನು ಕತ್ತಿಯಲ್ಲೇ ಸವರಿಸುತ್ತೇನೆ. ವಾಹನ ತಿರುಗಿಸುವ ಜಾಗದಲ್ಲಿ ಹಂಚು ಬೇಡ, ಅಲ್ಲಿ ಕಾಡುಗಲ್ಲೇ ಸರಿ.

ಐದರಲ್ಲಿ ನಾಲ್ಕೂವರೆ ಅಂಕ ಕೊಡುತ್ತೇನೆ. ತರುವವರು ಬೇಸಿಗೆಯಲ್ಲೇ ತನ್ನಿ, ಏಪ್ರಿಲ್‌ನ ಒಂದೆರಡು ಮಳೆ ಬಿದ್ದ ಮೇಲೆ ಮಣ್ಣು ಮೆತ್ತಗಿರುವಾಗ ನೆಡಿ. ಲೆಕ್ಕಕ್ಕಿಂತ ಏಳೆಂಟು ಹಂಚು ಹೆಚ್ಚಿಗೆ ಇಟ್ಟುಕೊಳ್ಳಿ. ಒಂದೇ ಅಳತೆಯದ್ದು ಆಮೇಲೆ ಸಿಗುವುದು ಕಷ್ಟ, ಬೇರೆ ಕಾರ್ಖಾನೆಯ ಹಂಚಿನ ಅಂಚು ಇದಕ್ಕೆ ಸರಿಯಾಗಿ ಕೂರುವುದಿಲ್ಲ.