ಪತ್ತೇದಾರಿ ಓದುಗರಿಗೆ ಕೆಲವು ಐತಿಹಾಸಿಕ ಕಾದಂಬರಿಗಳ ಶಿಫಾರಸು

ಪತ್ತೇದಾರಿ ಕಾದಂಬರಿಗಳನ್ನು ಬಿಡದೆ ಓದುವವರಲ್ಲಿ ಅನೇಕರು ಐತಿಹಾಸಿಕ ಕಾದಂಬರಿಗಳ ಹತ್ತಿರ ಸುಳಿಯುವುದಿಲ್ಲ. ಕೊನೆಗೆ ಕೋಟೆ ಬೀಳುತ್ತದೆ, ಅರಸ ಸೋಲುತ್ತಾನೆ ಎಂಬುದು ಶಾಲೆಯ ಪಾಠದಿಂದಲೇ ಗೊತ್ತಿರುವಾಗ ಇನ್ನೇನು ಕುತೂಹಲ ಉಳಿದೀತು ಎಂಬುದು ಅವರ ತಕರಾರು. ಆದರೆ ಒಳ್ಳೆಯ ಪತ್ತೇದಾರಿ ಕಾದಂಬರಿಯಲ್ಲೂ ಹೆಣ ಮೊದಲ ಅಧ್ಯಾಯದಲ್ಲೇ ಬಿದ್ದಿರುತ್ತದೆಯಲ್ಲವೇ? ಏನಾಯಿತು ಎಂಬುದಕ್ಕಿಂತ ಯಾರಿಂದಾಯಿತು, ಹೇಗಾಯಿತು, ಏಕಾಯಿತು ಎಂಬುದೇ ನಮ್ಮನ್ನು ಕೊನೆಯ ಪುಟದವರೆಗೆ ಎಳೆದೊಯ್ಯುವುದು. ಐತಿಹಾಸಿಕ ಕಾದಂಬರಿಯಲ್ಲಿ ಸತ್ತಿರುವುದು ಒಂದು ರಾಜ್ಯ, ಅಷ್ಟೇ ವ್ಯತ್ಯಾಸ. ಆ ದೃಷ್ಟಿಯಿಂದ ಓದಬಹುದಾದ ಕೆಲವು ಪುಸ್ತಕಗಳನ್ನು ಇಲ್ಲಿ ಸೂಚಿಸುತ್ತಿದ್ದೇನೆ. ಕಥೆಯ ಗುಟ್ಟುಗಳನ್ನು ಮಾತ್ರ ಎಲ್ಲಿಯೂ ಬಿಟ್ಟುಕೊಡುವುದಿಲ್ಲ.

ಮೊದಲ ಹೆಸರು ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ 'ಚಿಕವೀರ ರಾಜೇಂದ್ರ'. 1956ರಲ್ಲಿ ಪ್ರಕಟವಾದ ಈ ಕಾದಂಬರಿಯ ವಿಷಯ 1834ರಲ್ಲಿ ಬ್ರಿಟಿಷರ ವಶವಾದ ಕೊಡಗು ಮತ್ತು ಅದರ ಕೊನೆಯ ಅರಸ. 1983ರ ಜ್ಞಾನಪೀಠ ಪ್ರಶಸ್ತಿಯ ಸಂದರ್ಭದಲ್ಲಿ ಇದರ ಹೆಸರು ಎಲ್ಲರ ಬಾಯಲ್ಲಿ ಬಂದದ್ದರಿಂದಲೋ ಏನೋ, ಇದನ್ನು ಗೌರವದಿಂದ ಕಪಾಟಿನಲ್ಲಿಟ್ಟವರು ಹೆಚ್ಚು, ಕುತೂಹಲದಿಂದ ಓದಿದವರು ಕಡಿಮೆ. ವಾಸ್ತವವಾಗಿ ಕನ್ನಡದಲ್ಲಿ ಇಷ್ಟು ಜಾಣತನದಿಂದ ಸುಳಿವುಗಳನ್ನು ಹರಡಿಟ್ಟಿರುವ ಕಾದಂಬರಿಗಳು ವಿರಳ. ಅರಮನೆಯ ನಾಯಿಗಳ ನಡುವೆ ಬೆಳೆದ ಕುಂಟ ಬಸವ ಮಂತ್ರಿಯ ಪದವಿಗೇರಿದ್ದು ಹೇಗೆ, ಅರಸ ಅವನೊಬ್ಬನ ಮಾತನ್ನೇ ಅಷ್ಟು ನೆಚ್ಚುವುದೇಕೆ, ಎಲ್ಲಿಂದಲೋ ಬಂದು ಮಡಿಕೇರಿಯ ಬಳಿ ನೆಲೆಸಿದ ಭಗವತಿ ಎಂಬ ಹೆಂಗಸಿಗೆ ಈ ಅರಮನೆಯ ಮೇಲೆ ಏಕಿಷ್ಟು ಕಣ್ಣು ಎಂಬ ಪ್ರಶ್ನೆಗಳನ್ನು ಮಾಸ್ತಿಯವರು ಕೇಳಿದ್ದೂ ಗೊತ್ತಾಗದಂತೆ ಕೇಳಿ ಮುಂದೆ ಸಾಗುತ್ತಾರೆ. ಉತ್ತರ ಸಿಕ್ಕಿದ ಮೇಲೆ ಹಿಂದಿನ ಅಧ್ಯಾಯಗಳನ್ನು ತಿರುವಿ ನೋಡಿದರೆ ಎಲ್ಲವೂ ಕಣ್ಣೆದುರಿಗೇ ಇತ್ತು ಎಂಬುದು ತಿಳಿಯುತ್ತದೆ. ಅರಸನ ಕ್ರೌರ್ಯ, ರಾಣಿ ಗೌರಮ್ಮನ ಸಹನೆ, ಮಂತ್ರಿಗಳಾದ ಬೋಪಣ್ಣ ಮತ್ತು ಲಕ್ಷ್ಮೀನಾರಾಯಣಯ್ಯನವರ ಧರ್ಮಸಂಕಟ, ಇವೆಲ್ಲವನ್ನೂ ಒಂದೇ ಸಮಾಧಾನದ ದನಿಯಲ್ಲಿ ಹೇಳುವ ಈ ಬರವಣಿಗೆಯಲ್ಲಿ ಯಾರನ್ನು ತಪ್ಪಿತಸ್ಥರೆಂದು ತೀರ್ಮಾನಿಸಬೇಕೆಂಬುದು ಓದುಗನ ಹೊಣೆಯಾಗುತ್ತದೆ. ಆರಂಭದ ಪುಟಗಳು ನಿಧಾನ ಎಂಬುದನ್ನು ಒಪ್ಪಲೇಬೇಕು. ನಾಡಿನ ಪರಿಚಯ ಮುಗಿದು ಅರಮನೆಯ ಒಳಗೆ ಕಾಲಿಡುವವರೆಗೆ ತಾಳ್ಮೆ ಬೇಕು.

ಇತಿಹಾಸವನ್ನೇ ಒಂದು ಪೊಲೀಸ್ ಪ್ರಕರಣವನ್ನಾಗಿ ಮಾಡಿಕೊಂಡ ಕಾದಂಬರಿ ಬೇಕೆಂದರೆ ಇಂಗ್ಲಿಷಿನಲ್ಲಿ ಜೋಸೆಫೀನ್ ಟೇ 1951ರಲ್ಲಿ ಬರೆದ 'ದ ಡಾಟರ್ ಆಫ್ ಟೈಮ್' ಇದೆ. ಕಾಲಿಗೆ ಪೆಟ್ಟಾಗಿ ಆಸ್ಪತ್ರೆಯ ಹಾಸಿಗೆಯಲ್ಲಿ ಬೇಸತ್ತು ಮಲಗಿರುವ ಇನ್ಸ್‌ಪೆಕ್ಟರ್ ಅಲನ್ ಗ್ರಾಂಟ್‌ನ ಕೈಗೆ ಮೂರನೆಯ ರಿಚರ್ಡ್ ದೊರೆಯ ಭಾವಚಿತ್ರವೊಂದು ಬರುತ್ತದೆ. ಮುಖ ನೋಡಿ ಮನುಷ್ಯನನ್ನು ಅಳೆಯಬಲ್ಲೆನೆಂಬ ಹೆಮ್ಮೆ ಅವನದು. ಚಿತ್ರದಲ್ಲಿರುವವನು ಯಾರೆಂದು ಹೇಳದೆ ಅವನು ಅದನ್ನು ಬಂದವರಿಗೆಲ್ಲ ತೋರಿಸುತ್ತಾನೆ. ಶಸ್ತ್ರವೈದ್ಯನಿಗೆ ಆ ಮುಖದಲ್ಲಿ ಪೋಲಿಯೊ ಕಾಣುತ್ತದೆ, ನರ್ಸಿಗೆ ಪಿತ್ತಜನಕಾಂಗದ ತೊಂದರೆ ಕಾಣುತ್ತದೆ, ಕೊಲೆಗಾರ ಮಾತ್ರ ಯಾರಿಗೂ ಕಾಣುವುದಿಲ್ಲ. ಅಣ್ಣನ ಇಬ್ಬರು ಎಳೆಯ ಮಕ್ಕಳನ್ನು ಲಂಡನ್ ಟವರಿನಲ್ಲಿ ಕೊಲ್ಲಿಸಿದನೆಂಬ ಅಪಖ್ಯಾತಿಗೆ ಗುರಿಯಾದ ಈ ದೊರೆಯ ವಿರುದ್ಧ ನಿಜವಾದ ಸಾಕ್ಷ್ಯ ಎಷ್ಟಿದೆ ಎಂಬ ತನಿಖೆ ಅಲ್ಲಿಂದ ಶುರುವಾಗುತ್ತದೆ. ರಿಚರ್ಡನ ದುಷ್ಟತನಕ್ಕೆ ಪ್ರಮಾಣಗ್ರಂಥವೆನಿಸಿದ ವೃತ್ತಾಂತವನ್ನು ಬರೆದ ಥಾಮಸ್ ಮೋರ್, 1485ರಲ್ಲಿ ಆ ದೊರೆ ಸತ್ತಾಗ ಇನ್ನೂ ಚಿಕ್ಕ ಹುಡುಗನಾಗಿದ್ದ ಎಂಬುದನ್ನು ಗ್ರಾಂಟ್ ಗಮನಿಸುವ ಪುಟ ಯಾವ ಗುಂಡಿನ ಕಾಳಗಕ್ಕೂ ಕಡಿಮೆಯಿಲ್ಲ. ಟೇ ಅವರ ತೀರ್ಪನ್ನು ಇತಿಹಾಸಕಾರರೆಲ್ಲ ಒಪ್ಪಿಲ್ಲ. ಎದುರು ಪಕ್ಷದ ವಾದವನ್ನು ಅವರು ತೀರ ಸುಲಭವಾಗಿ ತಳ್ಳಿಹಾಕುತ್ತಾರೆಂದು ನನಗೂ ಅನ್ನಿಸಿದೆ. ಒಂದೇ ಹೆಸರಿನ ದೊರೆಗಳೂ ರಾಣಿಯರೂ ತುಂಬಿರುವುದರಿಂದ ವಂಶವೃಕ್ಷವನ್ನು ಪಕ್ಕದಲ್ಲಿಟ್ಟುಕೊಂಡು ಓದುವುದು ಒಳ್ಳೆಯದು.

ಉಂಬರ್ತೊ ಎಕೊ ಅವರ 'ದ ನೇಮ್ ಆಫ್ ದ ರೋಸ್' ಕಾದಂಬರಿಯನ್ನು ಎಲ್ಲರಿಗೂ ಶಿಫಾರಸು ಮಾಡಲಾರೆ. 1980ರಲ್ಲಿ ಇಟಾಲಿಯನ್ ಭಾಷೆಯಲ್ಲಿ ಪ್ರಕಟವಾಗಿ, ವಿಲಿಯಂ ವೀವರ್ ಅವರ ಅನುವಾದದಿಂದ ಇಂಗ್ಲಿಷಿಗೆ ಬಂದ ಇದರಲ್ಲಿ 1327ರ ನವೆಂಬರಿನ ಏಳು ದಿನಗಳಲ್ಲಿ ಒಂದು ಬೆಟ್ಟದ ಮೇಲಿನ ಮಠದೊಳಗೆ ಸನ್ಯಾಸಿಗಳು ಒಬ್ಬರ ಹಿಂದೊಬ್ಬರಂತೆ ಸಾಯುತ್ತಾರೆ. ಮಠಕ್ಕೆ ಬರುವ ದಾರಿಯಲ್ಲೇ ವಿಲಿಯಂ ಎಂಬ ಪಾದ್ರಿ ಹಿಮದ ಮೇಲಿನ ಗೊರಸಿನ ಗುರುತು, ಮುರಿದ ರೆಂಬೆ, ಮುಳ್ಳಿಗೆ ಸಿಕ್ಕಿದ ಕೂದಲು ಇಷ್ಟನ್ನೇ ನೋಡಿ, ಕಾಣದ ಕುದುರೆಯ ಎತ್ತರವನ್ನೂ ಬಣ್ಣವನ್ನೂ ಕೊನೆಗೆ ಹೆಸರನ್ನೂ ಹೇಳುವ ಪ್ರಸಂಗ ಪತ್ತೇದಾರಿ ಪ್ರಿಯರಿಗೆ ಹಬ್ಬದೂಟ. ಅದರ ಹಿಂದೆಯೇ ಧರ್ಮಜಿಜ್ಞಾಸೆಯ ದೀರ್ಘ ಚರ್ಚೆಗಳೂ ಅನುವಾದವಿಲ್ಲದ ಲ್ಯಾಟಿನ್ ಸಾಲುಗಳೂ ಬರುತ್ತವೆ. ಮೊದಲ ನೂರು ಪುಟಗಳ ಕಷ್ಟವನ್ನು ಉದ್ದೇಶಪೂರ್ವಕವಾಗಿಯೇ ಉಳಿಸಿಕೊಂಡೆನೆಂದು ಸ್ವತಃ ಎಕೊ ಬರೆದುಕೊಂಡಿದ್ದಾರೆ. ಆ ಘಟ್ಟ ಹತ್ತಿದವರಿಗೆ ಮಠದ ಗ್ರಂಥಾಲಯದ ಬಾಗಿಲು ತೆರೆಯುತ್ತದೆ.

ತ.ರಾ.ಸು. ಅವರ ಚಿತ್ರದುರ್ಗದ ಕಾದಂಬರಿಗಳ ಬಗ್ಗೆ ಹೊಸದಾಗಿ ಹೇಳಬೇಕಾದದ್ದು ಹೆಚ್ಚಿಲ್ಲ, ಓದುವ ಕ್ರಮದ ಬಗ್ಗೆ ಮಾತ್ರ ಒಂದು ಸಲಹೆ. ಹೆಚ್ಚಿನವರು ನೇರವಾಗಿ 'ದುರ್ಗಾಸ್ತಮಾನ'ಕ್ಕೆ ಕೈ ಹಾಕುತ್ತಾರೆ. 1779ರಲ್ಲಿ ಹೈದರಾಲಿಗೆ ದುರ್ಗ ವಶವಾದ ಕಥೆಯುಳ್ಳ, ಲೇಖಕರ ಮರಣಾನಂತರ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಆ ಬೃಹತ್ ಕೃತಿ ದೊಡ್ಡದೇ, ಆದರೆ ಸಂಚಿನ ರುಚಿ ಬೇಕಾದವರು 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ' ಈ ಮೂರನ್ನು ಮೊದಲು ಓದಬೇಕು. ದಳವಾಯಿ ಮುದ್ದಣ್ಣನಂಥ ಎದುರಾಳಿ ಸಿಕ್ಕುವುದು ಅಪರೂಪ. ಸಂಭಾಷಣೆಗಳಲ್ಲಿ ಅಲ್ಲಲ್ಲಿ ರಂಗಭೂಮಿಯ ಏರುದನಿ ಕೇಳಿಸುತ್ತದೆ. ಕಥೆಯ ಓಟದಲ್ಲಿ ಅದು ಅಷ್ಟಾಗಿ ಬಾಧಿಸುವುದಿಲ್ಲ.

ಐತಿಹಾಸಿಕವಲ್ಲದಿದ್ದರೂ ಪೂರ್ಣಚಂದ್ರ ತೇಜಸ್ವಿಯವರ ಎರಡು ಪುಸ್ತಕಗಳನ್ನು ಈ ಪಟ್ಟಿಯಿಂದ ಹೊರಗಿಡಲು ಮನಸ್ಸಾಗುವುದಿಲ್ಲ. ಏಲಕ್ಕಿ ಬೆಳೆಗಾರರಾದ ಸುರೇಶ ಮತ್ತು ಗೌರಿ ದಂಪತಿಗಳ ಒಂದೇ ದಿನದ ಪಾಡನ್ನು ಹೇಳುವ 'ಜುಗಾರಿ ಕ್ರಾಸ್'ನ ಒಳಗೆ ಹಳೆಯ ಕನ್ನಡ ಕಾವ್ಯವೊಂದರ ಒಗಟೂ ಸೇರಿಕೊಂಡಿದೆ, ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಸಾಹಸಗಳನ್ನು ಓದಿ ಬೆಳೆದವರಿಗೆ ಇದು ಕೂಡಲೇ ಹಿಡಿಸುತ್ತದೆ. ಕೆಸರೂರಿನಲ್ಲಿ ಏಲಕ್ಕಿ ಸಂಶೋಧನೆಯಲ್ಲಿ ತೊಡಗಿದ್ದ ವಿಜ್ಞಾನಿ ಜೋಗಿಹಾಳರ ಸಾವಿನ ಸುತ್ತ ಹೆಣೆದ 'ಚಿದಂಬರ ರಹಸ್ಯ'ದ ಬಗ್ಗೆ ಮಾತ್ರ ಮೊದಲೇ ಎಚ್ಚರಿಸಬೇಕು. ಅಲ್ಲಿ ಅಂಗಡಿ ಎಂಬ ಗುಪ್ತಚರ ಅಧಿಕಾರಿ ಇದ್ದಾನೆ, ಅನುಮಾನಕ್ಕೆ ಆಸ್ಪದ ಕೊಡುವ ಜನ ಊರು ತುಂಬ ಇದ್ದಾರೆ, ನಗುವಿಗೂ ಬರವಿಲ್ಲ. ಆದರೆ ಕೊನೆಯ ಅಧ್ಯಾಯದಲ್ಲಿ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿ ಅಪರಾಧಿಯ ಕಡೆ ಬೆರಳು ತೋರಿಸುವ ಪದ್ಧತಿಯನ್ನು ನಿರೀಕ್ಷಿಸುವವರು ಈ ಪುಸ್ತಕವನ್ನು ಬಿಟ್ಟು 'ಜುಗಾರಿ ಕ್ರಾಸ್' ಕೊಳ್ಳುವುದೇ ಲೇಸು.