ಕಾಮಾಕುರವೋ, ಒನೊಮಿಚಿಯೋ?

ಜಪಾನಿನಲ್ಲಿ ಕಡಲೂ ದೇವಾಲಯಗಳೂ ಒಟ್ಟಿಗಿರುವ ಒಂದೇ ಊರು ನೋಡಲು ಸಮಯವಿದೆ, ಯಾವುದಕ್ಕೆ ಹೋಗಲಿ ಅಂತ ಕೇಳಿದ್ದೀರಿ.

ಮೊದಲು ದಾರಿ, ಖರ್ಚು. ಟೋಕಿಯೋದಿಂದ ಕಾಮಾಕುರಕ್ಕೆ ರೈಲಿನಲ್ಲಿ ಸುಮಾರು ಒಂದು ಗಂಟೆ. ಬೆಳಿಗ್ಗೆ ಹೋಗಿ ಸಂಜೆಗೆ ವಾಪಸ್ ಬರಬಹುದು. ಒನೊಮಿಚಿ ಇರುವುದು ಹಿರೋಶಿಮಾ ಪ್ರಾಂತ್ಯದಲ್ಲಿ. ಟೋಕಿಯೋದಿಂದ ಹೊರಟರೆ ಶಿಂಕಾನ್‌ಸೆನ್ (ಬುಲೆಟ್ ರೈಲು) ಟಿಕೆಟ್‌ಗೇ ಜಾಸ್ತಿ ಹಣ ಬೇಕು, ಒಂದು ರಾತ್ರಿ ಉಳಿಯಲೂಬೇಕು. ಹಿರೋಶಿಮಾಕ್ಕೆ ಹೇಗೂ ಹೋಗುವವರಿಗೆ ಮಾತ್ರ ಅದು ಹತ್ತಿರ.

ನೋಡುವುದಕ್ಕೆ? ಕಾಮಾಕುರದ ಕಂಚಿನ ಬುದ್ಧ 11 ಮೀಟರಿಗಿಂತ ಎತ್ತರ, ಬಯಲಲ್ಲೇ ಕೂತಿದ್ದಾನೆ. ಎನೊಡೆನ್ ಎಂಬ ಪುಟ್ಟ ರೈಲು ಮನೆಗಳ ಹಿತ್ತಲಿಗೆ ತಾಗುವಷ್ಟು ಹತ್ತಿರ ಸಾಗಿ, ತಟ್ಟನೆ ಕಡಲ ಪಕ್ಕಕ್ಕೆ ಬರುತ್ತದೆ. ಆ ಕ್ಷಣ ನನಗೆ ಬಹಳ ಇಷ್ಟ. ಆದರೆ ಜೂನ್‌ನಲ್ಲಿ ಹೈಡ್ರೇಂಜಿಯಾ ಹೂ ಬಿಟ್ಟಾಗ ವಿಪರೀತ ಜನ. ಕಡಲತೀರದಲ್ಲಿ ತಿಂಡಿ ಬಿಚ್ಚಿದರೆ ಹದ್ದುಗಳು ಎರಗುತ್ತವೆ, ಹುಷಾರು.

ಒನೊಮಿಚಿಯಲ್ಲಿ ಊರೇ ಬೆಟ್ಟ ಹತ್ತಿದೆ. 25 ದೇವಾಲಯಗಳನ್ನು ಜೋಡಿಸುವ ಕಾಲುದಾರಿ, ಕಲ್ಲಿನ ಮೆಟ್ಟಿಲು, ಗೋಡೆ ಮೇಲೆ ಮಲಗಿದ ಬೆಕ್ಕುಗಳು. ಕೆಳಗೆ ಎದುರಿನ ದ್ವೀಪಕ್ಕೆ ಶಾಲೆ ಮಕ್ಕಳು, ಸೈಕಲ್ಲಿನವರು ದೋಣಿಯಲ್ಲಿ ಐದೇ ನಿಮಿಷದಲ್ಲಿ ದಾಟುತ್ತಾರೆ. ಮೊಣಕಾಲು ನೋವಿದ್ದರೆ ಬೆಟ್ಟದ ಮೇಲಿನ ಸೆಂಕೋಜಿ ದೇವಾಲಯಕ್ಕೆ ರೋಪ್‌ವೇ ಹಿಡಿಯಿರಿ. ಆದರೂ ಇಳಿಯುವಾಗ ಮೆಟ್ಟಿಲು ತಪ್ಪಿಸುವುದು ಕಷ್ಟ.

ಊಟದಲ್ಲಿ ಸಸ್ಯಾಹಾರಿಗಳಿಗೆ ಕಾಮಾಕುರವೇ ಸ್ವಲ್ಪ ಸುಲಭ. ಅಲ್ಲಿ ತರಕಾರಿ, ತೋಫು ಹಾಕಿದ ಕೆಂಚಿನ್ ಸಾರು ಸಿಗುತ್ತದೆ. ಮೀನಿನ ರಸ ಬೆರೆಸಿದ್ದಾರಾ ಅಂತ ಮಾತ್ರ ಕೇಳಿ. ಒನೊಮಿಚಿಯ ಹೆಸರಾಂತ ನೂಡಲ್ಸ್ ಸಾರು ರಾಮೆನ್‌ನಲ್ಲಿ ಹಂದಿ ಕೊಬ್ಬು ತೇಲುತ್ತಿರುತ್ತದೆ.

ಮಕ್ಕಳು, ಹಿರಿಯರು ಜೊತೆಗಿದ್ದು ಒಂದೇ ದಿನ ಇದ್ದರೆ ಕಾಮಾಕುರ. ಕಾಲಲ್ಲಿ ಕಸುವಿದ್ದು, ಸುಮ್ನೆ ಗಲ್ಲಿ ಸುತ್ತುವುದು ಇಷ್ಟವಿದ್ದರೆ ಒನೊಮಿಚಿ.